ಏನಾಗುತ್ತೀ ಎಂದು ಕೇಳುವ ಮೊದಲು: ಕಾಸರಗೋಡಿನ ಹೆತ್ತವರಿಗೆ

ಕೇರಳದಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ. ಅದರ ಬೆನ್ನಿಗೇ ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿಯ ಪ್ರವೇಶಕ್ಕೆ ಏಕಜಾಲಕ ಎಂಬ ಆನ್‌ಲೈನ್ ಅರ್ಜಿಯೂ ತೆರೆದುಕೊಳ್ಳುತ್ತದೆ. ಇವೆರಡರ ನಡುವಿನ ಕೆಲವೇ ದಿನಗಳಲ್ಲಿ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಒಂದೇ ಪ್ರಶ್ನೆ ಹತ್ತಾರು ಬಾಯಿಗಳಿಂದ ಬರುತ್ತದೆ: ಮುಂದೇನು? ಅಪ್ಪ ಕೇಳುತ್ತಾರೆ, ಊರಿಗೆ ಬಂದ ಸೋದರಮಾವ ಕೇಳುತ್ತಾರೆ, ಗಲ್ಫಿನಲ್ಲಿರುವ ಚಿಕ್ಕಪ್ಪ ಫೋನಿನಲ್ಲಿ ಕೇಳುತ್ತಾರೆ. ಹದಿನೈದು ವರ್ಷದ ಮಗು 'ಗೊತ್ತಿಲ್ಲ' ಎನ್ನುತ್ತದೆ, ಇಲ್ಲವೇ ಕೇಳಿದವರಿಗೆ ಸಮಾಧಾನವಾಗುವಂಥ ಒಂದು ಹೆಸರು ಹೇಳಿ, ಡಾಕ್ಟರೋ ಇಂಜಿನಿಯರೋ, ಪಾರಾಗುತ್ತದೆ. ಎರಡರಿಂದಲೂ ಹೆತ್ತವರಿಗೆ ತಿಳಿದು ಬರುವುದು ಏನೂ ಇಲ್ಲ.

ಈ ಮಾತುಕತೆ ಕಷ್ಟವಾಗುವುದಕ್ಕೆ ಮಕ್ಕಳ ಮೊಂಡುತನವಾಗಲಿ ಹೆತ್ತವರ ಹಠವಾಗಲಿ ಮುಖ್ಯ ಕಾರಣವೆಂದು ನನಗೆ ಅನಿಸುವುದಿಲ್ಲ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಟ್ಟಿಗೆ ಗಂಟು ಹಾಕಿ ಕೇಳುತ್ತೇವೆ, ತೊಡಕು ಅಲ್ಲಿಂದ ಹುಟ್ಟುತ್ತದೆ. ಮೊದಲನೆಯದು, ಬದುಕಿನಲ್ಲಿ ಏನಾಗಬೇಕು ಎಂಬುದು. ಎರಡನೆಯದು, ಮುಂದಿನ ಎರಡು ವರ್ಷ ಯಾವ ವಿಷಯಗಳನ್ನು, ಎಲ್ಲಿ, ಯಾವ ಭಾಷೆಯಲ್ಲಿ ಓದಬೇಕು ಎಂಬುದು. ಮೊದಲನೆಯದಕ್ಕೆ ಹದಿನೈದರ ವಯಸ್ಸಿನಲ್ಲಿ ಖಚಿತ ಉತ್ತರ ಇರಬೇಕಾಗಿಲ್ಲ. ಎರಡನೆಯದಕ್ಕೆ ಉತ್ತರ ಬೇಕೇ ಬೇಕು, ಅರ್ಜಿ ಸಲ್ಲಿಸಲು ಕೊನೆಯ ದಿನಾಂಕವೂ ಇರುತ್ತದೆ. ದಿನಾಂಕವಿರುವ ಪ್ರಶ್ನೆಯ ಅವಸರವನ್ನು ದಿನಾಂಕವೇ ಇಲ್ಲದ ಪ್ರಶ್ನೆಯ ಮೇಲೆ ಹೇರಿದಾಗ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ.

ಮೊದಲ ಪ್ರಶ್ನೆಗೆ ಕಾಲ ಬೇಕು ಎಂಬುದು ಬರಿಯ ಸಮಾಧಾನದ ಮಾತಲ್ಲ. ಮನುಷ್ಯರು ವೃತ್ತಿಯನ್ನು ಹೇಗೆ ಕಂಡುಕೊಳ್ಳುತ್ತಾರೆ ಎಂಬುದನ್ನು ದೀರ್ಘಕಾಲ ಅಧ್ಯಯನ ಮಾಡಿದ ಡೊನಾಲ್ಡ್ ಸೂಪರ್, ಸುಮಾರು 15ರಿಂದ 24 ವರ್ಷದವರೆಗಿನ ಅವಧಿಯನ್ನು ಹುಡುಕಾಟದ ಹಂತವೆಂದು ಗುರುತಿಸಿದರು. ಅಂದರೆ ಪ್ಲಸ್ ವನ್ ಸೇರುವ ಮಗು ಆ ಹಂತದ ಹೊಸ್ತಿಲಲ್ಲಿರುತ್ತದೆ. 1966ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಶಿಯಾ ಹದಿಹರೆಯದವರು ತಮ್ಮ ಗುರಿಯ ವಿಷಯದಲ್ಲಿ ಇರಬಹುದಾದ ನಾಲ್ಕು ಸ್ಥಿತಿಗಳನ್ನು ವಿವರಿಸಿದರು. ಹುಡುಕಿ ನಿರ್ಧರಿಸಿದವರು ಒಂದು ಬಗೆ; ಹುಡುಕುತ್ತ ಇರುವವರು ಇನ್ನೊಂದು; ಹುಡುಕಾಟವೂ ಇಲ್ಲ, ನಿರ್ಧಾರವೂ ಇಲ್ಲ ಎಂಬವರು ಮೂರನೆಯ ಬಗೆ. ನಾಲ್ಕನೆಯವರ ಬಗ್ಗೆ ಹೆತ್ತವರು ವಿಶೇಷವಾಗಿ ಯೋಚಿಸಬೇಕು. ಇವರು ಹುಡುಕದೆಯೇ ನಿರ್ಧರಿಸಿದವರು, ಮನೆಯವರು ಹೇಳಿದ್ದನ್ನು ತಮ್ಮದೇ ಆಯ್ಕೆಯೆಂಬಂತೆ ಒಪ್ಪಿಕೊಂಡವರು. ಕೇಳಿದ ಕೂಡಲೇ ದಿಟ್ಟವಾಗಿ ಉತ್ತರ ಹೇಳುವ ಇಂಥ ಮಗುವನ್ನು ನಾವು ಜಾಣನೆಂದು ಮೆಚ್ಚುತ್ತೇವೆ, 'ಗೊತ್ತಿಲ್ಲ' ಎಂದು ಒದ್ದಾಡುವ ಮಗುವಿನ ಬಗ್ಗೆ ಚಿಂತೆ ಮಾಡುತ್ತೇವೆ. ಒದ್ದಾಡುವ ಮಗು ನಿಜವಾಗಿ ಹುಡುಕುತ್ತಿರಬಹುದು. ದಿಟ್ಟ ಉತ್ತರ ಕೊಟ್ಟ ಮಗುವಿನ ಹುಡುಕಾಟ ಇನ್ನೂ ಶುರುವಾಗದೆ ಪದವಿಯ ಎರಡನೆಯ ವರ್ಷದಲ್ಲಿ ಕಾಡತೊಡಗಬಹುದು.

ಇದಕ್ಕೆ ಸೇರಿದ ಇನ್ನೊಂದು ವಿಚಾರ ಸಂಶೋಧಕಿ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ಮುಂದಿಟ್ಟದ್ದು. ಅವರು ಹೇಳುವಂತೆ ಮಕ್ಕಳು ಉದ್ಯೋಗವನ್ನು ಆರಿಸುವುದಕ್ಕಿಂತ ಬಹಳ ಮೊದಲೇ ಹಲವು ಉದ್ಯೋಗಗಳನ್ನು ಮನಸ್ಸಿನಿಂದ ಅಳಿಸಿ ಹಾಕಿರುತ್ತಾರೆ. ಆರರಿಂದ ಎಂಟು ವರ್ಷದ ಹೊತ್ತಿಗೆ ಇದು ಗಂಡಸರ ಕೆಲಸ, ಇದು ಹೆಂಗಸರ ಕೆಲಸ ಎಂಬ ಲೆಕ್ಕದಲ್ಲಿ ಒಂದಷ್ಟು ಅಳಿಯುತ್ತವೆ. ಒಂಬತ್ತರಿಂದ ಹದಿಮೂರರ ನಡುವೆ ಇದು ಮರ್ಯಾದೆಯ ಕೆಲಸ, ಇದು ಅಲ್ಲ ಎಂಬ ಲೆಕ್ಕದಲ್ಲಿ ಇನ್ನಷ್ಟು ಅಳಿಯುತ್ತವೆ. ತನಗೆ ಏನು ಇಷ್ಟ, ತಾನು ಎಂಥವನು ಎಂಬ ಯೋಚನೆ ಬರುವುದು ಸುಮಾರು ಹದಿನಾಲ್ಕರ ನಂತರ. ಆಗ ಉಳಿದ ಚಿಕ್ಕ ಪಟ್ಟಿಯೊಳಗೇ ಹುಡುಕಾಟ ನಡೆಯುತ್ತದೆ. ಅಳಿಸಿ ಹಾಕಿದ್ದು ನೆನಪಿನಲ್ಲೂ ಇರುವುದಿಲ್ಲ.

ನಮ್ಮ ಊರುಗಳಲ್ಲಿ ಇದು ನಡೆಯುವ ಬಗೆಯನ್ನು ಯಾರೂ ನೋಡಬಹುದು. ನರ್ಸಿಂಗ್ ಹುಡುಗಿಯರಿಗೆ ಎಂದು ಹುಡುಗನೊಬ್ಬ ಆರನೆಯ ತರಗತಿಯಲ್ಲೇ ತೀರ್ಮಾನಿಸಿರುತ್ತಾನೆ, ಊರಿನ ಗಂಡಸರೂ ಆ ಕೆಲಸದಲ್ಲಿ ದೇಶ ವಿದೇಶಗಳಲ್ಲಿ ಇದ್ದಾರೆಂಬುದು ಅವನ ಲೆಕ್ಕಕ್ಕೆ ಬರುವುದಿಲ್ಲ. ಹುಡುಗಿಯೊಬ್ಬಳು ಇಲೆಕ್ಟ್ರಿಷಿಯನ್ ಕೋರ್ಸಿನ ಬಗ್ಗೆ ಯೋಚಿಸುವುದೇ ಇಲ್ಲ. ಅಡಿಕೆ ತೋಟವಿರುವ ಮನೆಯ ಮಗು ಕೃಷಿಯೊಂದು ಬೇಡ ಎನ್ನುತ್ತದೆ. ಹಳದಿ ಎಲೆ ರೋಗದ, ಕೊಳೆರೋಗದ, ಕೂಲಿಯಾಳು ಸಿಗದ ಮಾತು ಕೇಳಿಯೇ ಅದು ಬೆಳೆದಿರುತ್ತದೆ. 'ನಮ್ಮ ಹಾಗೆ ನೀನೂ ಮಣ್ಣು ಹೊರಬೇಡ' ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಆದರೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಇದೇ ಕಾಸರಗೋಡಿನಲ್ಲಿದೆ, ಕೇರಳ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಪಡನ್ನಕ್ಕಾಡಿನಲ್ಲಿದೆ. ಅದೇ ರೋಗವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುವುದೂ ಒಂದು ಉದ್ಯೋಗವೆಂದು ಆ ಮಗುವಿಗೆ ಹೇಳಿದವರು ಯಾರು?

ಆದ್ದರಿಂದ 'ಏನಾಗುತ್ತೀ?' ಎಂದು ಕೇಳುವುದಕ್ಕಿಂತ 'ಯಾವುದು ಬೇಡ? ಯಾಕೆ ಬೇಡ?' ಎಂದು ಕೇಳುವುದರಿಂದ ಮಾತು ಚೆನ್ನಾಗಿ ಮುಂದುವರಿಯುತ್ತದೆ. ಬೇಡದ್ದನ್ನು ಹೇಳಲು ಮಕ್ಕಳಿಗೆ ಭಯವಿರುವುದಿಲ್ಲ, ಉತ್ತರವೂ ಹೇರಳವಾಗಿ ಬರುತ್ತದೆ. 'ಬೇಡ' ಎಂಬುದರ ಹಿಂದಿನ ಕಾರಣ ಅನುಭವದ್ದೇ, ಕೇಳಿದ ಮಾತೇ, ನಾಚಿಕೆಯೇ ಎಂದು ಸಾವಕಾಶವಾಗಿ ನೋಡಬಹುದು. ರಕ್ತ ನೋಡಿದರೆ ತಲೆ ತಿರುಗುತ್ತದೆ ಎಂಬುದು ಗೌರವಿಸಬೇಕಾದ ಕಾರಣ. ಗೆಳೆಯರು ನಗುತ್ತಾರೆ ಎಂಬುದು ಕುಳಿತು ಮಾತನಾಡಬೇಕಾದ ಕಾರಣ. ಈ ಮಾತು ಒಂಬತ್ತನೆಯ ತರಗತಿಯಲ್ಲೇ ಶುರುವಾದರೆ ಒಳ್ಳೆಯದು, ಏಕೆಂದರೆ ಫಲಿತಾಂಶದ ವಾರದಲ್ಲಿ ಎಲ್ಲ ವಿಷಯಗಳಿಗೂ ಎ ಪ್ಲಸ್ ಬಂದ ಮಕ್ಕಳ ಫ್ಲೆಕ್ಸ್ ಬೋರ್ಡುಗಳು ಪೇಟೆಯಲ್ಲಿ ಏಳುತ್ತವೆ. ಆಮೇಲೆ ಆಸಕ್ತಿಯ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಇಲ್ಲಿ ಹೆತ್ತವರಿಗೆ ನಿಜವಾದ ಕೆಲಸವಿದೆ, ಏಕೆಂದರೆ ಇದರ ಉತ್ತರಕ್ಕೆ ಬೇಕಾದದ್ದು ಮಾಹಿತಿ. ಪ್ಲಸ್ ವನ್‌ನಲ್ಲಿ ವಿಜ್ಞಾನ, ಕಾಮರ್ಸ್, ಹ್ಯುಮಾನಿಟೀಸ್ ಎಂಬ ಮೂರು ವಿಭಾಗಗಳಿವೆ, ಪ್ರತಿಯೊಂದರಲ್ಲೂ ಬೇರೆ ಬೇರೆ ವಿಷಯಗಳ ಕಾಂಬಿನೇಶನ್‌ಗಳಿವೆ. ಯಾವ ಕಾಂಬಿನೇಶನ್ ಯಾವ ಬಾಗಿಲನ್ನು ಮುಚ್ಚುತ್ತದೆ ಎಂಬುದಷ್ಟೇ ಈಗ ತಿಳಿಯಬೇಕಾದ ವಿಷಯ. ಎಂಬಿಬಿಎಸ್‌ಗೆ ಬೇಕಾದ ನೀಟ್ ಪರೀಕ್ಷೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಕೇರಳದಲ್ಲಿ ಬಿ.ಎಸ್ಸಿ. ಅಗ್ರಿಕಲ್ಚರ್ ಸೀಟು ಸಿಗುವುದೂ ನೀಟ್ ರ‍್ಯಾಂಕಿನ ಆಧಾರದಲ್ಲೇ ಎಂಬುದು ಅನೇಕ ಕೃಷಿಕ ಮನೆಗಳಿಗೆ ತಡವಾಗಿ ತಿಳಿಯುತ್ತದೆ. ಇಂಜಿನಿಯರಿಂಗ್‌ಗೂ ಆರ್ಕಿಟೆಕ್ಚರ್‌ಗೂ ಗಣಿತ ಬೇಕು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ಭೂಸೇನೆಗೆ ಹೋಗಲು ಯಾವ ವಿಭಾಗವಾದರೂ ಆಗುತ್ತದೆ, ನೌಕಾಪಡೆಗೂ ವಾಯುಪಡೆಗೂ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಓದಿರಬೇಕು. ಕಾನೂನು, ಪತ್ರಿಕೋದ್ಯಮ, ಸಮಾಜಕಾರ್ಯ, ನಾಗರಿಕ ಸೇವಾ ಪರೀಕ್ಷೆ, ಚಾರ್ಟರ್ಡ್ ಅಕೌಂಟೆನ್ಸಿ ಇವಕ್ಕೆಲ್ಲ ಯಾವ ವಿಭಾಗದವರೂ ಹೋಗಬಹುದು. ಎಸ್‌ಎಸ್‌ಎಲ್‌ಸಿಯ ನಂತರ ನೇರವಾಗಿ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ ಸೇರಿದವರಿಗೆ ಮುಂದೆ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಟೆಕ್. ಎರಡನೆಯ ವರ್ಷಕ್ಕೆ ಹೋಗುವ ದಾರಿಯಿದೆ.

ಹಾಗಾದರೆ ವಿಜ್ಞಾನವನ್ನೇ ತೆಗೆದುಕೊಂಡರೆ ಎಲ್ಲ ಬಾಗಿಲೂ ತೆರೆದಿರುತ್ತದಲ್ಲ ಎಂಬ ವಾದ ಪ್ರತಿ ಮನೆಯಲ್ಲೂ ಬರುತ್ತದೆ. ಕಾಗದದ ಮೇಲೆ ಅದು ಸರಿ. ಆದರೆ ಕೇರಳದಲ್ಲಿ ಪ್ಲಸ್ ವನ್‌ನ ಅಂಕಗಳೂ ಅಂತಿಮ ಪ್ರಮಾಣಪತ್ರದಲ್ಲಿ ಸೇರುತ್ತವೆ. ಭೌತಶಾಸ್ತ್ರದಲ್ಲಿ ಮನಸ್ಸಿಲ್ಲದ ಮಗು ಎರಡು ವರ್ಷ ಏದುಸಿರು ಬಿಟ್ಟು ಕಡಿಮೆ ಅಂಕ ಪಡೆದರೆ, ಒಳ್ಳೆಯ ಕಾಲೇಜಿನ ಬಿ.ಕಾಂ. ಅಥವಾ ಬಿ.ಎ. ಸೀಟಿಗೂ ಅದು ಹಿಂದೆ ಬೀಳುತ್ತದೆ. ತೆರೆದಿಟ್ಟ ಬಾಗಿಲು ಯಾವುದಕ್ಕೂ ಉಪಯೋಗಕ್ಕೆ ಬರುವುದಿಲ್ಲ.

ಎರಡು ಪ್ರಶ್ನೆಗಳನ್ನು ಬೇರೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಹಡಗಿನ ಕೆಲಸ ಒಳ್ಳೆಯ ಉದಾಹರಣೆ. ಬೇಕಲ, ಕೋಟಿಕುಳಂ ಕಡೆಯಿಂದ ವ್ಯಾಪಾರಿ ಹಡಗುಗಳಿಗೆ ಹೋದವರು ಬಹಳ ಮಂದಿ ಇದ್ದಾರೆ, ಅವರನ್ನು ನೋಡಿ 'ನಾನೂ ಮರ್ಚೆಂಟ್ ನೇವಿಗೆ ಹೋಗುತ್ತೇನೆ' ಎನ್ನುವ ಹುಡುಗರೂ ಇದ್ದಾರೆ. ಬೇಡ ಎಂದು ತಾಯಿ ಅಳುವುದು, ಹೋಗಲಿ ಎಂದು ತಂದೆ ಹೇಳುವುದು, ಇಷ್ಟರಲ್ಲೇ ಮಾತು ಮುಗಿಯುವುದುಂಟು. ಹುಡುಗನಿಗೆ ಹಡಗು ಮುಂದೆಯೂ ಇಷ್ಟವಾಗುತ್ತದೆಯೇ ಎಂಬುದು ಈಗ ಯಾರಿಗೂ ತಿಳಿಯದು. ಆದರೆ ಹತ್ತನೆಯ ತರಗತಿಯ ನಂತರ ಆರು ತಿಂಗಳ ಜಿಪಿ ರೇಟಿಂಗ್ ತರಬೇತಿ ಪಡೆದು ಸೇರುವವನು ಹಡಗಿನ ಸಿಬ್ಬಂದಿಯಾಗುತ್ತಾನೆ, ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆಯ ಮೂಲಕ ಹೋಗುವವನಿಗೆ ಅಧಿಕಾರಿಯಾಗುವ ದಾರಿಯಿದೆ ಎಂಬುದು ಈಗಲೇ ಹೇಳಬಹುದಾದ ಸಂಗತಿ. ಬಣ್ಣಗುರುಡು ಇದ್ದರೆ ಡೆಕ್ ಅಧಿಕಾರಿಯಾಗಲು ಸಾಧ್ಯವಿಲ್ಲವಾದ್ದರಿಂದ ಕಣ್ಣಿನ ಪರೀಕ್ಷೆಯನ್ನು ಇವತ್ತೇ ಮಾಡಿಸಬಹುದು. ತರಬೇತಿ ಸಂಸ್ಥೆಗೆ ಕೇಂದ್ರ ಸರಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್‌ನ ಮಾನ್ಯತೆ ಇದೆಯೇ ಎಂದು ಹುಡುಗನೇ ಹುಡುಕಿ ನೋಡಲಿ, ಊರಿಗೆ ರಜೆಯಲ್ಲಿ ಬಂದ ನಾವಿಕನೊಬ್ಬನ ಹತ್ತಿರ ಕುಳಿತು ಸಂಬಳದ ಜೊತೆಗೆ ಮನೆಯಿಂದ ದೂರವಿರುವ ತಿಂಗಳುಗಳ ಬಗ್ಗೆಯೂ ಕೇಳಲಿ. ಇಷ್ಟಾದ ಮೇಲೆ ಮಗು ಕಂಪ್ಯೂಟರ್ ಸಯನ್ಸ್ ಇರುವ ಗಣಿತದ ಕಾಂಬಿನೇಶನ್ ತೆಗೆದುಕೊಂಡರೆ, ಹಡಗಿನ ಆಸೆ ಬಿಟ್ಟುಹೋದರೂ ನಷ್ಟವಿಲ್ಲ.

ಗಡಿನಾಡಿನ ಮಕ್ಕಳಿಗೆ ಇವೆಲ್ಲದರ ಮೇಲೆ ಇನ್ನೆರಡು ವಿಚಾರಗಳಿವೆ. ಒಂದು, ಭಾಷೆ. ಹತ್ತರವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಪ್ಲಸ್ ವನ್ ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ತರಗತಿಯ ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ ನಡೆಯುತ್ತದೆ. ಮೊದಲ ಕೆಲವು ತಿಂಗಳು ಒಳ್ಳೆಯ ಮಕ್ಕಳ ಅಂಕವೂ ಕುಸಿಯುವುದು ಸಹಜ. ಆಗ 'ನಿನಗೆ ಸಯನ್ಸ್ ಆಗುವುದಿಲ್ಲ' ಎಂಬ ತೀರ್ಪು ಮನೆಯಿಂದ ಬಂದರೆ, ಭಾಷೆಯ ತೊಡಕನ್ನು ಬುದ್ಧಿಯ ಕೊರತೆಯೆಂದು ಮಗು ನಂಬಿಬಿಡುತ್ತದೆ. ಫಲಿತಾಂಶಕ್ಕಾಗಿ ಕಾಯುವ ಏಪ್ರಿಲ್ ತಿಂಗಳಲ್ಲಿ ಪ್ಲಸ್ ವನ್ ಭೌತಶಾಸ್ತ್ರ ಪುಸ್ತಕದ ಮೊದಲ ಎರಡು ಪಾಠಗಳನ್ನು ಇಂಗ್ಲಿಷಿನಲ್ಲಿ ಓದಿಸಿ ನೋಡುವುದು ಯಾವ ಅಭಿರುಚಿ ಪರೀಕ್ಷೆಗಿಂತಲೂ ಹೆಚ್ಚು ಹೇಳುತ್ತದೆ. ನೀಟ್‌ನ, ಇಂಜಿನಿಯರಿಂಗ್ ಪ್ರವೇಶದ ಜೆಇಇ ಮೈನ್‌ನ ಪ್ರಶ್ನೆಪತ್ರಿಕೆಗಳು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಕನ್ನಡದಲ್ಲೂ ಸಿಗುತ್ತವೆ ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು.

ಇನ್ನೊಂದು, ರಾಜ್ಯದ ಗಡಿಯಾದ ತಲಪಾಡಿಯ ಆಚೆಗಿನ ದಾರಿ. ಮಂಗಳೂರು ಹತ್ತಿರವಿರುವುದರಿಂದ ಅನೇಕರು ಪಿಯುಸಿಗೋ ಪದವಿಗೋ ಅಲ್ಲಿಗೆ ಹೋಗುತ್ತಾರೆ, ಎರಡು ರಾಜ್ಯಗಳ ನಿಯಮಗಳೂ ಬೇರೆ. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ, ಮೂರನೆಯ ವರ್ಷದ ಕೊನೆಗೆ ಪದವಿ ಪಡೆದು ಹೊರಬರಲೂ ಅವಕಾಶವಿದೆ. ಕರ್ನಾಟಕ ಅದೇ ವರ್ಷ ಮೂರು ವರ್ಷದ ಪದವಿಗೆ ಮರಳಿತು. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ಅರ್ಹತಾ ನಿಯಮವಿದೆ: ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಾಗಿದ್ದು, ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ಒಂದರಿಂದ ಹನ್ನೆರಡನೆಯ ತರಗತಿಯ ನಡುವೆ ಕನಿಷ್ಠ ಏಳು ವರ್ಷ ವಾಸವಿದ್ದು ಓದಿದವರು ಕನ್ನಡ ಭಾಷಾ ಪರೀಕ್ಷೆ ಬರೆದು ಅರ್ಹರಾಗಬಹುದು. ಪ್ರತಿ ವರ್ಷದ ಸಿಇಟಿ ಕೈಪಿಡಿಯನ್ನು ಓದಿ, ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರವನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ಹೆತ್ತವರು ಮಾಡಬಹುದಾದ ಕೆಲಸ. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋದ ಮೇಲೆ ಓಡಾಡುವುದು ಯಾರಿಗೂ ಬೇಡ.

ಕನ್ನಡ ಬಲ್ಲವರಿಗೆ ಜಿಲ್ಲೆಯಲ್ಲೇ ಇರುವ ಕೆಲಸಗಳ ವಿಷಯವೂ ಮಾತಿಗೆ ಬಂದೇ ಬರುತ್ತದೆ. ಕೇರಳ ಪಿಎಸ್‌ಸಿಯ (ಲೋಕಸೇವಾ ಆಯೋಗದ) ಮೂಲಕ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕ ಹುದ್ದೆಗಳಿಗೆ, ಕನ್ನಡ ಮತ್ತು ಮಲಯಾಳ ಎರಡೂ ತಿಳಿದ ಎಲ್‌ಡಿ ಕ್ಲರ್ಕ್ ಹುದ್ದೆಗಳಿಗೆ ಪ್ರತ್ಯೇಕ ನೇಮಕಾತಿ ಇದೆ. ಹುಡುಗಿಯರಿಗೆ ಇದೇ ಕ್ಷೇಮದ ದಾರಿಯೆಂದು ಡಿ.ಎಲ್.ಎಡ್. ಅಥವಾ ಬಿ.ಎಡ್. ಹಿಡಿಸುವುದು ನಮ್ಮಲ್ಲಿ ರೂಢಿ. ಅಧ್ಯಾಪನ ಒಳ್ಳೆಯ ಕೆಲಸ, ಮನಸ್ಸಿರುವವರು ಹೋಗಲಿ. ಆದರೆ ಈ ಹುದ್ದೆಗಳ ಸಂಖ್ಯೆ ಶಾಲೆಯ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. ಡಿವಿಜನ್ ಕಡಿಮೆಯಾದರೆ ಹುದ್ದೆಯೂ ಕಡಿಮೆಯಾಗುತ್ತದೆ. ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿದ್ದೂ ಪಟ್ಟಿಯ ಅವಧಿ ಮುಗಿದು ಹೋದವರು ಊರೂರಲ್ಲಿ ಸಿಗುತ್ತಾರೆ. ತಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸದವರೇ ಮಗಳಿಗೆ ಕನ್ನಡ ಟೀಚರ್ ಕೆಲಸ ಸಿಗಲಿ ಎಂದು ಬಯಸುವ ವಿಚಿತ್ರವನ್ನೂ ನೋಡುತ್ತಿದ್ದೇವೆ. ಈ ಹುದ್ದೆಗಳನ್ನು ಒಂದು ಹೆಚ್ಚುವರಿ ಅವಕಾಶವೆಂದು ಹೇಳಿಕೊಡುವುದು ನ್ಯಾಯ, ಅದೊಂದನ್ನೇ ನಂಬಿಸುವುದು ಅಪಾಯ.

ಹಣದ ಮಾತನ್ನು ಹೆತ್ತವರು ಸಾಮಾನ್ಯವಾಗಿ ಕೊನೆಗೆ, ಅದೂ ಸಿಟ್ಟಿನಲ್ಲಿ ಆಡುತ್ತಾರೆ. ಅದು ಮೊದಲೇ, ತಣ್ಣಗೆ ಆಗಬೇಕು. ವರ್ಷಕ್ಕೆ ಇಷ್ಟು ಕೊಡಬಲ್ಲೆವು, ಇದಕ್ಕಿಂತ ಹೆಚ್ಚಾದರೆ ಸಾಲ ಬೇಕು ಎಂದು ಹದಿನಾರರ ಮಗುವಿಗೆ ಹೇಳಿದರೆ ಅದು ಅರ್ಥಮಾಡಿಕೊಳ್ಳುತ್ತದೆ. ಹೇಳದಿದ್ದರೆ ತಾನೇ ಊಹಿಸಿಕೊಂಡು, ಅಪ್ಪನ ಕಷ್ಟ ನೋಡಲಾರದೆ, ಬೇಕಾದದ್ದನ್ನು ಬಾಯಿಬಿಟ್ಟು ಕೇಳದೆಯೂ ಇರಬಹುದು. ಶಿಕ್ಷಣ ಸಾಲದಲ್ಲಿ 7.5 ಲಕ್ಷ ರೂಪಾಯಿಯವರೆಗೆ ಆಸ್ತಿ ಅಡವಿಡದೆ ಪಡೆಯುವ ವ್ಯವಸ್ಥೆ ಇದೆ, ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಗಲ್ಫಿಗೆ ಹೋಗುವ ಯೋಚನೆಯಿದ್ದರೆ ಅದನ್ನೂ ಲೆಕ್ಕದೊಳಗೆ ತರಬೇಕು: ಹತ್ತನೆಯ ತರಗತಿ ಪಾಸಾದವರಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ ಅಗತ್ಯವಿಲ್ಲದ ಪಾಸ್‌ಪೋರ್ಟ್ ಸಿಗುತ್ತದೆ, ಕೈಯಲ್ಲೊಂದು ಐಟಿಐ ಅಥವಾ ಡಿಪ್ಲೊಮಾ ಇದ್ದವನ ಸ್ಥಾನ ಬರಿಗೈಯವನಿಗಿಂತ ಬೇರೆ, ಏಜೆಂಟ್ ನೋಂದಾಯಿತನೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು.

ಎಲ್ಲಿ, ಹೇಗೆ ಮಾತನಾಡಬೇಕು ಎಂಬುದಕ್ಕೆ ದೊಡ್ಡ ಶಾಸ್ತ್ರವಿಲ್ಲ. ಎದುರಿಗೆ ಕೂರಿಸಿ ವಿಚಾರಣೆ ಮಾಡಿದರೆ ಬಾಯಿ ತೆರೆಯದ ಮಗು, ಒಟ್ಟಿಗೆ ಅಡಿಕೆ ಸುಲಿಯುವಾಗಲೋ ಬೈಕಿನ ಹಿಂದೆ ಕುಳಿತಿರುವಾಗಲೋ ತಾನಾಗಿ ಮಾತು ತೆಗೆಯುತ್ತದೆ. ಕಣ್ಣಿಗೆ ಕಣ್ಣು ಕೊಡಬೇಕಾದ ಒತ್ತಡ ಅಲ್ಲಿ ಇಲ್ಲ. ನಮ್ಮ ಕಡೆ ಹೆಚ್ಚಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಪ್ಲಸ್ ವನ್ ಪ್ರಾಸ್ಪೆಕ್ಟಸ್ ಮಲಯಾಳ ಅಥವಾ ಇಂಗ್ಲಿಷಿನಲ್ಲಿರುತ್ತದೆ, ಕನ್ನಡ ಮಾತ್ರ ಓದಬಲ್ಲ ಹೆತ್ತವರಿಗೆ ಅದನ್ನು ಓದಿ ಹೇಳುವುದು ಮಗುವೇ. ತಿಳಿದವನು ಮಗ, ನಿರ್ಧರಿಸಬೇಕಾದವರು ತಾವು ಎಂಬ ಮುಜುಗರದಲ್ಲಿ ಕೆಲವು ತಂದೆಯರು ಗದರುತ್ತಾರೆ, ಕೆಲವು ತಾಯಂದಿರು 'ನಮಗೇನು ಗೊತ್ತು, ಮಾಸ್ಟರನ್ನು ಕೇಳು' ಎಂದು ಎದ್ದು ಹೋಗುತ್ತಾರೆ. ಎರಡೂ ಬೇಡ. 'ಓದಿ ಹೇಳು ಮಗಾ, ನಾನೂ ಕೇಳುತ್ತೇನೆ' ಎಂದು ಕುಳಿತುಕೊಂಡರೆ ಆ ಓದುವಿಕೆಯೇ ಮಾತುಕತೆಯಾಗುತ್ತದೆ. ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬುವ ಮೊದಲೇ ಶಾಲೆ ಮತ್ತು ಕಾಂಬಿನೇಶನ್‌ಗಳ ಆದ್ಯತೆಯ ಪಟ್ಟಿಯನ್ನು ಮನೆಯಲ್ಲಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅಲ್ಲಿನ ಸಾಲಿನಲ್ಲಿ ನಿಂತು ತೀರ್ಮಾನಿಸುವ ವಿಷಯವಲ್ಲ ಇದು. ಹೈಯರ್ ಸೆಕೆಂಡರಿ ಶಾಲೆಗಳ ಕೆರಿಯರ್ ಗೈಡೆನ್ಸ್ ವಿಭಾಗದ ಅಧ್ಯಾಪಕರನ್ನು ಧೈರ್ಯವಾಗಿ ಕಾಣಬಹುದು. ಖಾಸಗಿ ಕಾಲೇಜುಗಳು ನಡೆಸುವ ಉಚಿತ ಮಾರ್ಗದರ್ಶನ ಶಿಬಿರಕ್ಕೂ ಹೋಗಬಹುದು, ಅದು ಅವರ ಸೀಟು ತುಂಬಿಸುವ ಶಿಬಿರವೂ ಹೌದೆಂಬ ನೆನಪಿರಲಿ.

ಮಗುವಿನ ಮೌನ ನಿದ್ದೆಗೆಟ್ಟ, ಊಟ ಬಿಟ್ಟ, ಬದುಕೇ ಬೇಡವೆನ್ನುವ ಮೌನವಾದರೆ ಉದ್ಯೋಗದ ಮಾತನ್ನು ಪೂರ್ತಿ ಬದಿಗಿಡಬೇಕು. ಶಾಲೆಯ ಕೌನ್ಸಿಲರ್ ಇದ್ದಾರೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ಕೇರಳದ ದಿಶಾ ಸಹಾಯವಾಣಿ 1056 ಇವೆ.

ಸೇರಿದ ಮೇಲೆ ಮಗು 'ಇದು ನನ್ನಿಂದಾಗದು' ಎಂದರೆ ಏನು ಮಾಡುವುದು? ಅಲಾಟ್‌ಮೆಂಟುಗಳು (ಸೀಟು ಹಂಚಿಕೆಯ ಸುತ್ತುಗಳು) ಮುಗಿಯುತ್ತ ಬಂದಂತೆ ಶಾಲೆಯನ್ನಾಗಲಿ ಕಾಂಬಿನೇಶನ್ನನ್ನಾಗಲಿ ಬದಲಾಯಿಸಲು ಟ್ರಾನ್ಸ್‌ಫರ್ ಅರ್ಜಿಗೆ ಅವಕಾಶ ಕೊಡುತ್ತಾರೆ, ಸೀಟು ಖಾಲಿಯಿದ್ದರೆ ಸಿಗುತ್ತದೆ. ಆ ಅವಧಿ ಬಹಳ ಚಿಕ್ಕದು. ಆದ್ದರಿಂದ ತರಗತಿ ಶುರುವಾದ ಮೊದಲ ವಾರಗಳಲ್ಲಿ ಅಂಕದ ವಿಷಯ ಬಿಟ್ಟು, ಯಾವ ಪಿರಿಯಡ್ ಬೇಗ ಮುಗಿದಂತಾಗುತ್ತದೆ, ಯಾವುದು ಮುಗಿಯುವುದೇ ಇಲ್ಲ ಎಂದು ದಿನವೂ ಕೇಳುತ್ತಿರಬೇಕು. ಕಾಮರ್ಸಿಗೆ ಹೋಗುತ್ತೇನೆ ಎಂಬ ಮಾತು ಜುಲೈಯಲ್ಲಿ ಬಂದರೆ ಒಂದು ಅರ್ಜಿಯಲ್ಲಿ ಮುಗಿಯುತ್ತದೆ, ಡಿಸೆಂಬರಿನಲ್ಲಿ ಬಂದರೆ ಒಂದು ವರ್ಷ ಹೋಗುತ್ತದೆ.